ಬಟ್ಟೆ ಕಾಣುವಷ್ಟು ಪರದೆ

ಹದಿನಾಲ್ಕು ತಿಂಗಳಲ್ಲಿ ನಾಲ್ಕು ಪತ್ರ ಬರೆದ ಮೇಲೆ ಕೊನೆಗೂ ದೂರದೇಶದ ವಸ್ತುಸಂಗ್ರಹಾಲಯವೊಂದರಿಂದ ಫೋಟೊ ಬಂತು. ಬುಧವಾರ ಬೆಳಿಗ್ಗೆ ಕೆಸುವಿನ ಗೆಡ್ಡೆಯ ಸಿಪ್ಪೆ ತೆಗೆಯುತ್ತ ಕೂತಿದ್ದ ತಿವಾ, ಲ್ಯಾಪ್‌ಟಾಪಿನ ಸದ್ದು ಕೇಳಿ ಕೈ ಒರೆಸಿಕೊಂಡು ಎದ್ದಳು. ಫೋಟೊದ ಫೈಲ್ ಎಷ್ಟು ಭಾರವಾಗಿತ್ತೆಂದರೆ ಪೂರ್ತಿ ಇಳಿದು ಬರುವಷ್ಟರಲ್ಲಿ ಗೆಡ್ಡೆ ಬೆಂದು, ತೆಂಗಿನ ಹಾಲು ಹಾಕಿ, ಊಟವೂ ಆಗಿತ್ತು.

ತಿವಾಗೆ ಅರವತ್ತೊಂದು ವರ್ಷ. ಪೆಸಿಫಿಕ್ ಸಾಗರದ ನಿಯೂವೆ ದ್ವೀಪದ ಹಾಕುಪು ಊರಿನವಳು. ಮೂವತ್ತೆರಡು ವರ್ಷ ದ್ವೀಪದ ಮಕ್ಕಳಿಗೆ ಲೆಕ್ಕ ಕಲಿಸಿ ನಿವೃತ್ತಳಾದಾಗ ಶಾಲೆಯವರು ಹಳೆಯ ಲ್ಯಾಪ್‌ಟಾಪೊಂದನ್ನು ಅವಳಿಗೇ ಬಿಟ್ಟುಕೊಟ್ಟಿದ್ದರು. ಮನೆಯಲ್ಲಿ ಅವಳ ಜೊತೆ ಇದ್ದದ್ದು ಎಂಬತ್ತೆಂಟರ ದೊಡ್ಡಮ್ಮ ಫಪೋಯಿ. ಒಂದು ಕಣ್ಣಿಗೆ ಪೊರೆ ಬಂದಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು.

ಫೋಟೊದಲ್ಲಿದ್ದದ್ದು ಒಂದು ಹಿಯಾಪೊ. ಗಿಡದ ಒಳತೊಗಟೆಯನ್ನು ಬಡಿದು ಬಡಿದು ಹಾಳೆ ಮಾಡಿ, ತುಯಿತುಯಿ ಕಾಯಿ ಸುಟ್ಟ ಮಸಿಯಲ್ಲಿ ಕೈಯಿಂದಲೇ ಚಿತ್ರ ಬಿಡಿಸಿದ ಬಟ್ಟೆ. ಹಾಕುಪುವಿನ ಹೆಂಗಸರೇ ಮಾಡಿದ್ದ ಇದನ್ನು ನೂರಮೂವತ್ತು ವರ್ಷದ ಹಿಂದೆ ಹಡಗಿನವರು ಕೊಂಡೊಯ್ದಿದ್ದರು. ಆಮೇಲೆ ಊರಲ್ಲಿ ಆ ಕೈಕೆಲಸವೇ ನಿಂತುಹೋಗಿತ್ತು. ಫಪೋಯಿಯ ಅಜ್ಜಿ ಮೊಕಾ ಅದನ್ನು ಮಾಡುವ ಕಾಲಕ್ಕೆ ಹುಡುಗಿಯಾಗಿದ್ದಳಂತೆ. ಅದರ ಯಾವುದೋ ಎಲೆಯೊಳಗೆ ಹೆಸರು ಬರೆದಿದೆ ಎಂದು ಸಾಯುವ ತನಕ ಹೇಳುತ್ತಿದ್ದಳಂತೆ. ಯಾರ ಹೆಸರು ಎಂದು ಕೇಳಿದವರಿಗೆ ಉತ್ತರ ಕೊಟ್ಟಿರಲಿಲ್ಲ.

ಪರದೆಯ ಮೇಲೆ ಬಟ್ಟೆ ತೆರೆದುಕೊಂಡಿತು. ಅಡ್ಡಕ್ಕೆ ಹನ್ನೆರಡು, ಕೆಳಕ್ಕೆ ಎಂಟು, ಒಟ್ಟು ತೊಂಬತ್ತಾರು ಚೌಕ. ಒಂದೊಂದರೊಳಗೂ ಎಲೆ, ಬಳ್ಳಿ, ಸುತ್ತು. ಒಂದು ಚೌಕದ ಬಳ್ಳಿ ಪಕ್ಕದ ಚೌಕಕ್ಕೆ ಹಾದು ಅಲ್ಲಿಂದ ಮೂರನೆಯದಕ್ಕೆ ಹೋಗುತ್ತಿತ್ತು. ತಿವಾ ಕನ್ನಡಕ ಏರಿಸಿ ಬಗ್ಗಿ ನೋಡಿದಳು. ಇಡೀ ಬಟ್ಟೆ ಕಾಣುವಂತೆ ಇಟ್ಟರೆ ಗೆರೆಗಳೆಲ್ಲ ಒಂದಕ್ಕೊಂದು ಅಂಟಿಕೊಂಡು ಬೂದಿ ಬಣ್ಣದ ಕಲೆಯಾಗುತ್ತಿದ್ದವು. ಗೆರೆ ಬಿಡಿಬಿಡಿಯಾಗಿ ಕಾಣಲೆಂದು ಹಿಗ್ಗಿಸಿದರೆ ಅಡ್ಡಕ್ಕೆ ಎರಡು ಮೂರು ಚೌಕ ಮಾತ್ರ ಪರದೆಯಲ್ಲಿ ಉಳಿದು, ಬಳ್ಳಿ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ತಿಳಿಯುತ್ತಿರಲಿಲ್ಲ. ಕಾಗದದ ಮೇಲೆ ಅಚ್ಚು ಹಾಕಕೂಡದು ಎಂದು ಫೋಟೊ ಕಳಿಸಿದವರು ಷರತ್ತು ಹಾಕಿದ್ದರು. ಒಪ್ಪಿ ಸಹಿ ಮಾಡಿದವಳು ತಿವಾ. ಎರಡು ದಿನ ಪೆನ್ಸಿಲ್ ಹಿಡಿದು ಕೂತಳು, ನಾಲ್ಕು ಚೌಕವನ್ನೂ ನೆಟ್ಟಗೆ ನಕಲು ಮಾಡಲಾಗಲಿಲ್ಲ.

ಶುಕ್ರವಾರ ಮಹಿಳಾ ಸಂಘ ಸೇರಿತು. ಚಂಡಮಾರುತಕ್ಕೆ ಚಾವಣಿ ಹಾರಿಹೋಗಿದ್ದ ಊರಿನ ಸಭಾಂಗಣವನ್ನು ಹೊಸದಾಗಿ ಕಟ್ಟಿದ್ದರು. ಅದರ ಮುಂಗೋಡೆಗೆ ಒಂದು ದೊಡ್ಡ ಹಿಯಾಪೊ ಮಾಡಿ ತೂಗುಹಾಕಬೇಕೆಂದು ಸಂಘದವರೇ ತೀರ್ಮಾನಿಸಿ, ಮರೆತುಹೋಗಿದ್ದ ಕೆಲಸವನ್ನು ಮತ್ತೆ ಕಲಿತು, ಐದು ತಿಂಗಳಿಂದ ತೊಗಟೆ ಬಡಿದು ಬಟ್ಟೆ ಸಿದ್ಧ ಮಾಡಿಟ್ಟಿದ್ದರು. ಚಿತ್ರ ಯಾವುದು ಎಂಬುದೊಂದೇ ಬಾಕಿ. ಸಂಘದ ಮುಖ್ಯಸ್ಥೆ ಮಲಾಮಾ ಆಕ್ಲೆಂಡಿನಿಂದ ತರಿಸಿದ್ದ ಅಚ್ಚಿನ ಬಟ್ಟೆಯೊಂದನ್ನು ತೋರಿಸಿ, ಇದರಲ್ಲಿರುವ ಹೂವನ್ನೇ ದೊಡ್ಡದಾಗಿ ಬಿಡಿಸಿದರೆ ಎರಡು ವಾರದ ಕೆಲಸ ಎಂದಳು. ತಿವಾ ಎದ್ದು ನಿಂತು, ನಮ್ಮೂರಿನದೇ ಚಿತ್ರ ಸಿಕ್ಕಿದೆ, ಅದನ್ನೇ ಮಾಡೋಣ ಎಂದಳು. ತೋರಿಸು ಎಂದಾಗ ಅವಳ ಹತ್ತಿರ ತೋರಿಸಲು ಇದ್ದದ್ದು ಬೂದಿ ಬಣ್ಣದ ಕಲೆಗಳು ಮಾತ್ರ.

ಮಲಾಮಾ ಒಂದು ಕಾಲದಲ್ಲಿ ತಿವಾಳ ತರಗತಿಯಲ್ಲಿ ಕೂತವಳು. ಆ ಸಲುಗೆಯಲ್ಲೇ ಮಾತಾಡಿದಳು.

"ಟೀಚರ್, ನೀವು ಲೆಕ್ಕ ಹೇಳಿಕೊಡುವಾಗ ಉತ್ತರ ಬರೆಯದೆ ಬರೀ ಮಾತಾಡಿದರೆ ಸೊನ್ನೆ ಹಾಕ್ತಿದ್ರಿ. ಈ ತಿಂಗಳ ಕೊನೇ ಸೋಮವಾರದ ತನಕ ಟೈಮ್ ಇದೆ. ಅಷ್ಟರೊಳಗೆ ಕಣ್ಣಿಗೆ ಕಾಣೋ ಹಾಗೆ ತೋರಿಸಿ. ಆಗಲಿಲ್ಲ ಅಂದರೆ ಹೂವೇ ಸೈ."

ಹೆಂಗಸರು ಕಿಸಕ್ಕೆಂದು ನಕ್ಕರು. ತಿವಾ ಮನೆಗೆ ಬಂದು ಆಕ್ಲೆಂಡಿನಲ್ಲಿದ್ದ ನಾದಿನಿ ತಪಾಕಿಗೆ ಫೋನ್ ಮಾಡಿದಳು. ತಪಾಕಿ ಕಸ ಗುಡಿಸುವ ಕಟ್ಟಡದಲ್ಲಿ ಮನೆ ನಕ್ಷೆ ಬರೆಯುವವರ ಕಚೇರಿಯೊಂದಿತ್ತು. ಅವರು ಬೇರೆಡೆಗೆ ಹೋಗುವಾಗ ಒಂದಷ್ಟು ಸಾಮಾನು ಬಿಟ್ಟುಹೋಗಿದ್ದರು. ಅದರಲ್ಲಿ ಒಂದು ದೊಡ್ಡ ಮಾನಿಟರ್ ಇದೆ, ಕೂದಲೆಳೆಯಷ್ಟು ಗೆರೆಯನ್ನೂ ಅದು ತೋರಿಸುತ್ತಿತ್ತಂತೆ, ಹೇಗೂ ಈ ಹಡಗಿಗೆ ಅಕ್ಕಿ, ಸೋಪು ಕಳಿಸುತ್ತಿದ್ದೇನೆ, ಅದನ್ನೂ ಹಾಸಿಗೆಯಲ್ಲಿ ಸುತ್ತಿ ಇಡುತ್ತೇನೆ ಎಂದಳು.

ಹಡಗು ಬರಲು ಎರಡು ವಾರ ಹಿಡಿಯಿತು. ದ್ವೀಪದ ಮುಖ್ಯ ಊರಾದ ಅಲೋಫಿಯ ಧಕ್ಕೆಯಿಂದ ಮಾನಿಟರನ್ನು ಹಾಕುಪುವಿಗೆ ತಂದವನು ಹಾಫೆ, ತಿವಾಳ ಚಿಕ್ಕಪ್ಪನ ಮಗ. ಊರಿನ ನೀರಿನ ಪಂಪು, ವೈರಿಂಗು, ಚರ್ಚಿನ ಮೈಕು ಎಲ್ಲ ಅವನದೇ ಉಸ್ತುವಾರಿ. ಯಾವ ಯಂತ್ರವಾದರೂ ತನ್ನನ್ನು ಕೇಳಿಯೇ ಓಡಬೇಕು ಎಂಬ ಠೇಂಕಾರ ಅವನಿಗೆ ಸ್ವಲ್ಪ ಇತ್ತು. ಮಾನಿಟರಿನ ಜೊತೆ ಕೇಬಲ್ ಬಂದಿರಲಿಲ್ಲ. ಹಾಫೆ ತನ್ನ ಪೆಟ್ಟಿಗೆಯಿಂದ ಬೆರಳುದ್ದದ ಒಂದು ಅಡಾಪ್ಟರ್ ತೆಗೆದು ಲ್ಯಾಪ್‌ಟಾಪಿನ ಎಡಮಗ್ಗುಲ ಪುಟ್ಟ ಕಿಂಡಿಗೆ ಸಿಕ್ಕಿಸಿ, ಅದಕ್ಕೆ ಟೀವಿಯ ಕೇಬಲ್ ಹಾಕಿ, ಇನ್ನೊಂದು ತುದಿಯನ್ನು ಮಾನಿಟರಿಗೆ ಚುಚ್ಚಿದ.

ಚಿತ್ರ ಬಂತು. ಲ್ಯಾಪ್‌ಟಾಪಿನಲ್ಲಿ ಏನಿತ್ತೋ ಅದೇ, ಎರಡೂವರೆ ಪಟ್ಟು ಅಗಲವಾಗಿ. ಕಲೆಗಳೂ ಅಷ್ಟೇ ಅಗಲವಾಗಿದ್ದವು.

ಫಪೋಯಿ ಕುರ್ಚಿಯಲ್ಲಿ ಕೂತೇ ನೋಡಿದಳು. "ಇದಕ್ಕೆ ಹಡಗು ಬೇಕಾಗಿತ್ತಾ? ನನ್ನ ಪೊರೆಗಣ್ಣಲ್ಲಿ ನೋಡಿದರೂ ಹಿಂಗೇ ಕಾಣ್ತದೆ."

ಹಾಫೆ ಅಲ್ಲಿ ಇಲ್ಲಿ ಒತ್ತಿ ನೋಡಿ ಕೈಚೆಲ್ಲಿದ. "ಅಕ್ಕ, ನಿನ್ನ ಲ್ಯಾಪ್‌ಟಾಪಿನ ಪರದೇಲಿ ಎಷ್ಟು ಚುಕ್ಕೆ ಇದ್ಯೋ ಅಷ್ಟೇ ಅದು ಹೊರಗೆ ಕೊಡೋದು. ಹಳೇದು ಪಾಪ, ಅದರ ಕೈಲಿ ಇಷ್ಟೇ. ಮಾನಿಟರ್ ಎಷ್ಟು ದೊಡ್ಡದಾದ್ರೇನು? ಇದನ್ನ ಟೀವಿ ಮಾಡಿಕೊಂಡು ರಗ್ಬಿ ನೋಡು."

ಅವನು ಹೋದ ಮೇಲೆ ತಿವಾ ಸುಮ್ಮನೆ ಕೂರಲಿಲ್ಲ. ಗೊತ್ತಿಲ್ಲದ ಲೆಕ್ಕವನ್ನು ಬಿಡಿಸುವ ಅವಳ ರೀತಿ ಒಂದೇ. ಗೊತ್ತಿರುವುದನ್ನು ಮೊದಲು ಬರೆದುಕೊಳ್ಳುವುದು. ನೋಟ್‌ಬುಕ್ಕಿನಲ್ಲಿ ಬರೆದಳು: ಲ್ಯಾಪ್‌ಟಾಪಿನ ಪರದೆ, ಅಡ್ಡಕ್ಕೆ ಸಾವಿರದ ಮುನ್ನೂರ ಅರವತ್ತಾರು ಚುಕ್ಕೆ. ಮಾನಿಟರ್, ಅಡ್ಡಕ್ಕೆ ಮೂರು ಸಾವಿರದ ಎಂಟುನೂರ ನಲವತ್ತು. ಚಿಕ್ಕದರ ಚಿತ್ರವನ್ನೇ ದೊಡ್ಡದು ಎಳೆದು ತೋರಿಸುತ್ತಿದೆ. ಹಾಗೆ ತೋರಿಸು ಎಂದು ಹೇಳಿದವರು ಯಾರು?

ಮರುದಿನ ಬೆಳಿಗ್ಗೆ ಸೆಟ್ಟಿಂಗ್ಸ್ ತೆರೆದು ಸಾಲು ಸಾಲಾಗಿ ಓದಿದಳು. ಎರಡು ಪರದೆಯಲ್ಲೂ ಒಂದೇ ಚಿತ್ರ ತೋರಿಸುವುದು ಎಂದು ಒಂದು ಕಡೆ ಗುರುತಾಗಿತ್ತು. ಎರಡೂ ಒಂದೇ ತೋರಿಸಬೇಕಾದರೆ ದೊಡ್ಡದು ಚಿಕ್ಕದರ ಅಳತೆಗೇ ಇಳಿಯಬೇಕಲ್ಲ ಎಂದು ಅವಳಿಗೆ ಹೊಳೆಯಿತು. ಆ ಗುರುತು ತೆಗೆದು, ಮಾನಿಟರಿನಲ್ಲಿ ಮಾತ್ರ ತೋರಿಸು ಎಂಬುದನ್ನು ಒತ್ತಿದಳು. ಲ್ಯಾಪ್‌ಟಾಪಿನ ಪರದೆ ಕಪ್ಪಾಯಿತು. ಒಂದು ಕ್ಷಣ ಎರಡೂ ಕಪ್ಪಾಗಿದ್ದವು. ಆಮೇಲೆ ಮಾನಿಟರ್ ಬೆಳಗಿತು. ಅಂಚುಗಳು ಚೂಪಾಗಿದ್ದವು. ಮೊದಲ ಸಲ ಒಂದು ಎಲೆಯ ನರಗಳು ಬೇರೆಬೇರೆಯಾಗಿ ಕಂಡವು.

ಆದರೂ ಅದು ಅರ್ಧ ದಾರಿಯೇ. ಆಯ್ದುಕೊಳ್ಳಲು ಕೊಟ್ಟಿದ್ದ ಪಟ್ಟಿ ಸಾವಿರದ ಒಂಬೈನೂರ ಇಪ್ಪತ್ತಕ್ಕೇ ನಿಂತಿತ್ತು. ಮಾನಿಟರಿಗೆ ಬೇಕಾದ್ದು ಅದರ ಎರಡರಷ್ಟು. ಅವಳು ಹಾಫೆಯನ್ನು ಕರೆಸಿ ತೋರಿಸಿದಳು. ತಾನು ಆಗದು ಎಂದದ್ದು ಅಷ್ಟರ ಮಟ್ಟಿಗಾದರೂ ಆದದ್ದು ನೋಡಿ ಅವನಿಗೆ ಇರಿಸುಮುರಿಸಾಯಿತು. ಇದೇ ಕೊನೆ, ಇನ್ನು ಮೇಲಕ್ಕೆ ಆ ಯಂತ್ರಕ್ಕೆ ತ್ರಾಣ ಇಲ್ಲ ಎಂದು ಹೇಳಿ ಪಂಪಿನ ಕೆಲಸದ ನೆಪ ತೆಗೆದು ಹೊರಟ.

ತ್ರಾಣ ಇದೆಯೋ ಇಲ್ಲವೋ ಎಂಬುದನ್ನು ಯಂತ್ರ ಮಾಡಿದವರೇ ಹೇಳಲಿ ಎಂದು ತಿವಾ ಆ ಲ್ಯಾಪ್‌ಟಾಪಿನ ಕೈಪಿಡಿ ಹುಡುಕಿ ಇಳಿಸಿಕೊಂಡಳು. ನೂರೈವತ್ತು ಪುಟ. ಎರಡು ದಿನ ಓದಿದಳು. ಫಪೋಯಿ ಪಪ್ಪಾಯಿ ಹೆಚ್ಚುತ್ತ, ಬೈಬಲ್ಲನ್ನೂ ಇಷ್ಟು ಭಕ್ತಿಯಿಂದ ಓದಿದ್ದನ್ನು ಕಾಣೆ ಎಂದು ಕುಟುಕಿದಳು. ಎಂಬತ್ತೊಂಬತ್ತನೆಯ ಪುಟದಲ್ಲಿ ಬೇಕಾದ ಸಾಲು ಸಿಕ್ಕಿತು. ಎಡಮಗ್ಗುಲ ಆ ಪುಟ್ಟ ಕಿಂಡಿಯಿಂದ ಅಡ್ಡಕ್ಕೆ ಮೂರು ಸಾವಿರದ ಎಂಟುನೂರ ನಲವತ್ತು ಚುಕ್ಕೆಯ ತನಕ ಚಿತ್ರ ಹೊರಹೋಗುತ್ತದೆ. ತನ್ನ ಪರದೆ ಚಿಕ್ಕದಾದರೂ ಲ್ಯಾಪ್‌ಟಾಪಿಗೆ ಹೊರಗೆ ಕೊಡುವ ಶಕ್ತಿ ಅದಕ್ಕಿಂತ ದೊಡ್ಡದು.

ಕೊಡುವುದಕ್ಕೆ ಲ್ಯಾಪ್‌ಟಾಪ್ ಸಿದ್ಧ, ತೋರಿಸುವುದಕ್ಕೆ ಮಾನಿಟರ್ ಸಿದ್ಧ. ಹಾಗಾದರೆ ತಡೆ ಇರುವುದು ನಡುವೆ. ನಡುವೆ ಇದ್ದದ್ದು ಹಾಫೆಯ ಅಡಾಪ್ಟರ್. ಅದರ ಬೆನ್ನ ಮೇಲಿನ ಸಣ್ಣಕ್ಷರವನ್ನು ಭೂತಗನ್ನಡಿಯಲ್ಲಿ ಓದಿದಳು. ಅದೇ ಸಂಖ್ಯೆ, ಸಾವಿರದ ಒಂಬೈನೂರ ಇಪ್ಪತ್ತು. ಮಾನಿಟರಿನ ಹಿಂದೆ ಒಂದು ಮೂಲೆ ಕೊರೆದಂಥ ಇನ್ನೊಂದು ಕಿಂಡಿಯೂ ಇತ್ತು. ಪುಟ್ಟ ಕಿಂಡಿಯಿಂದ ನೇರ ಅದಕ್ಕೇ ಹೋಗುವ ಕೇಬಲ್ ಸಿಕ್ಕರೆ ಅಡಾಪ್ಟರಿನ ಗೊಡವೆಯೇ ಇಲ್ಲ. ತಪಾಕಿಗೆ ಹೇಳಿದಳು. ಅವಳು ಅಂದೇ ಕೊಂಡು, ಶುಕ್ರವಾರದ ವಿಮಾನದಲ್ಲಿ ಬರುವವರೊಬ್ಬರ ಕೈಗೆ ಕೊಟ್ಟಳು.

ಶುಕ್ರವಾರ ಅಡ್ಡಗಾಳಿ. ವಿಮಾನ ದ್ವೀಪದ ಮೇಲೆ ಎರಡು ಸುತ್ತು ಹಾಕಿ ಇಳಿಯಲಾಗದೆ ವಾಪಸ್ ಹೋಯಿತು. ಮುಂದಿನ ವಿಮಾನ ಮಂಗಳವಾರ. ಸಂಘ ಸೇರುವುದು ಸೋಮವಾರ.

ತಿವಾ ಮಲಾಮಾಳ ಮನೆಗೆ ಹೋಗಿ ಒಂದು ದಿನ ಮುಂದೂಡಲು ಕೇಳಬಹುದಿತ್ತು. ಅಲ್ಲಿಯ ಅಂಗಳದ ತನಕ ಹೋಗಿ ಕೂತಳು ಕೂಡ. ನೀರು ಕುಡಿದು ವಿಮಾನದ ವಿಷಯವಷ್ಟೇ ಮಾತಾಡಿ ಎದ್ದು ಬಂದಳು. ಕೇಳಿ ಪಡೆದ ಒಂದು ದಿನದ ಮೇಲೆ ನಿಂತ ಚಿತ್ರವನ್ನು ಹೆಂಗಸರು ಅರೆಮನಸ್ಸಿನಲ್ಲೇ ನೋಡುತ್ತಾರೆ ಎಂದು ಅವಳಿಗೆ ಅನ್ನಿಸಿತ್ತು. ಅಲ್ಲಿಂದ ನೇರ ಹಾಫೆಯ ಕೊಟ್ಟಿಗೆಗೆ ಹೋಗಿ ಅಡಾಪ್ಟರನ್ನೂ ಭೂತಗನ್ನಡಿಯನ್ನೂ ಅವನ ಮುಂದಿಟ್ಟಳು.

ಹಾಫೆ ಓದಿದ. ತಿರುಗಿಸಿ ಇನ್ನೊಮ್ಮೆ ಓದಿದ.

"ನನ್ನ ಪೆಟ್ಟಿಗೇದೇ ಇದು," ಎಂದ. "ನಿನ್ನ ಲ್ಯಾಪ್‌ಟಾಪನ್ನ ಸುಮ್ಮನೆ ಬೈದುಬಿಟ್ಟೆ."

"ಬೈದದ್ದು ಬಿಡು. ಈ ದ್ವೀಪದಲ್ಲಿ ಸಾವಿರದ ಏಳುನೂರು ಜನ ಇದ್ದೀವಿ. ಒಬ್ಬರ ಮನೇಲಾದ್ರೂ ಇಂಥ ಕೇಬಲ್ ಇರಬೇಕಲ್ಲ. ಯಾರ ಮನೆ ಯಂತ್ರದ ಬೆನ್ನಲ್ಲಿ ಏನಿದೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಶನಿವಾರ ಬೆಳಿಗ್ಗೆ ಇಬ್ಬರೂ ಹಾಫೆಯ ಪಿಕಪ್ ಹತ್ತಿದರು. ಕೇಬಲ್ಲಿನ ಎರಡು ತುದಿಗಳ ಚಿತ್ರವನ್ನು ತಿವಾ ರಟ್ಟಿನ ಮೇಲೆ ಬರೆದುಕೊಂಡಿದ್ದಳು. ಮೀನುಗಾರಿಕೆ ಇಲಾಖೆಯ ಗುಮಾಸ್ತನ ಮನೆ, ಆಸ್ಪತ್ರೆಯ ಉಗ್ರಾಣದವನ ಮನೆ, ಬಾಗಿಲು ಹಾಕಿದ್ದ ಒಂದು ಅತಿಥಿಗೃಹ. ಒಬ್ಬಳು ಫ್ರಿಜ್ಜಿನ ವೈರು ತಂದು ಇದೇನಾ ಎಂದಳು. ಇನ್ನೊಬ್ಬನ ಹತ್ತಿರ ಒಂದು ತುದಿ ಸರಿ, ಇನ್ನೊಂದು ತಪ್ಪು. ಹೋದಲ್ಲೆಲ್ಲ ಕೂರಿಸಿ ಏನಾದರೂ ತಿನ್ನಿಸದೆ ಕಳಿಸುವವರಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಫೆಯ ಹೊಟ್ಟೆ ತುಂಬಿತ್ತು, ಕೈ ಖಾಲಿ. ಇನ್ನು ಸಾಕು ಎಂದು ಅವನೇ ಹೇಳಲಿ ಎಂದು ತಿವಾ ಕಾದಳು. ಅವನು ಹೇಳಲಿಲ್ಲ. ಗಾಡಿಯನ್ನು ಸಮುದ್ರದ ಕಡೆ ತಿರುಗಿಸಿ, ಡೈವಿಂಗ್ ಅಂಗಡಿಯ ಇಕಿಪಾ ತಿಮಿಂಗಿಲಗಳ ಫೋಟೊ ನೋಡಲು ದೊಡ್ಡ ಪರದೆ ಇಟ್ಟುಕೊಂಡಿದ್ದಾನೆ, ಅವನದೊಂದು ನೋಡಿಬಿಡೋಣ ಎಂದ.

ಇಕಿಪಾನ ಮೇಜಿನ ಹಿಂದೆ ಬಗ್ಗಿ ನೋಡಿದ ಹಾಫೆ ತಿವಾಳ ಕೈಯಿಂದ ರಟ್ಟು ಇಸಿದುಕೊಂಡು ಹೋಲಿಸಿದ. ಒಂದು ತುದಿ ಪುಟ್ಟದು. ಇನ್ನೊಂದಕ್ಕೆ ಮೂಲೆ ಕೊರೆದಿತ್ತು. ಬುಧವಾರ ಪ್ರವಾಸಿಗರು ಬರುತ್ತಾರೆ, ಅಷ್ಟರೊಳಗೆ ವಾಪಸ್ ಬೇಕು ಎಂದು ಇಕಿಪಾ ಹೇಳಿ, ತಾನೇ ಬಿಚ್ಚಿ ಸುರುಳಿ ಸುತ್ತಿ ಕೊಟ್ಟ.

ಸಂಜೆ ನಾಲ್ಕಕ್ಕೆ ಕೇಬಲ್ ಹಾಕಿದರು. ಪಟ್ಟಿ ತೆರೆದಾಗ ಎಲ್ಲಕ್ಕಿಂತ ಮೇಲೆ, ಹಿಂದೆ ಇಲ್ಲದಿದ್ದ ಒಂದು ಸಾಲು ಬಂದು ಕೂತಿತ್ತು: ಮೂರು ಸಾವಿರದ ಎಂಟುನೂರ ನಲವತ್ತು. ತಿವಾ ಅದನ್ನು ಒತ್ತಿದಳು. ಪರದೆ ಒಮ್ಮೆ ಕಣ್ಣು ಮಿಟುಕಿಸಿ ಬಂದಾಗ ಅದರ ಮೇಲಿನ ಅಕ್ಷರಗಳೆಲ್ಲ ಇರುವೆ ಗಾತ್ರಕ್ಕೆ ಇಳಿದಿದ್ದವು. ಹಾಫೆ ಗಾಬರಿಯಾಗಿ, ಮತ್ತೇನೋ ಕೆಟ್ಟಿತು ಎಂದ. ತಿವಾ ಅದನ್ನೂ ಕೈಪಿಡಿಯಲ್ಲಿ ಓದಿದ್ದಳು. ಚುಕ್ಕೆ ಹೆಚ್ಚಾದಾಗ ಒಂದೊಂದು ಚುಕ್ಕೆಯೂ ಚಿಕ್ಕದಾಗುತ್ತದೆ, ಅದಕ್ಕೆ ಅಕ್ಷರದ ಗಾತ್ರವನ್ನು ಬೇರೆಯಾಗಿ ಏರಿಸಬೇಕು ಎಂದು ಹೇಳಿ ನೂರರಿಂದ ನೂರೈವತ್ತಕ್ಕೆ ಏರಿಸಿದಳು. ಓದುವಂತಾಯಿತು. ಆಮೇಲೆ ಫೋಟೊ ತೆರೆದಳು.

ಹನ್ನೆರಡೂ ಚೌಕ ಅಡ್ಡಕ್ಕೆ ಪೂರ್ತಿ ಕಾಣುತ್ತಿದ್ದವು, ಗೆರೆ ಗೆರೆಯೂ ಬಿಡಿಯಾಗಿತ್ತು. ಇಷ್ಟು ದಿನ ಕಲೆ ಎಂದುಕೊಂಡದ್ದು ಕಲೆಯೇ ಅಲ್ಲ. ಒಂದರ ಪಕ್ಕ ಒಂದು, ಎಲ್ಲೂ ತಾಗದಂತೆ ಎಳೆದ ನೂರಾರು ಎಳೆಗಳು. ಮಸಿ ಮುಗಿಯುತ್ತ ಬಂದಲ್ಲಿ ಗೆರೆ ತೆಳ್ಳಗಾಗಿ, ಮತ್ತೆ ಅದ್ದಿದಲ್ಲಿ ದಪ್ಪಗಾಗಿತ್ತು. ಪ್ರತಿ ಸಾಲಿನಲ್ಲೂ ಎಡಗಡೆಯ ಆರು ಚೌಕದ ಕೈ ಬೇರೆ, ಬಲಗಡೆಯದು ಬೇರೆ. ಎಡಗಡೆಯವಳು ಅವಸರದವಳು. ಬಲಗಡೆಯವಳು ಒಂದು ಕೆಸುವಿನ ಎಲೆಗೆ ಹುಳು ತಿಂದ ತೂತನ್ನೂ ಬಿಡದೆ ಬಿಡಿಸಿದ್ದಳು.

ಫಪೋಯಿ ಕುರ್ಚಿಯನ್ನು ಎಳೆಸಿಕೊಂಡು ಒಳ್ಳೆಯ ಕಣ್ಣನ್ನು ಗಾಜಿಗೆ ತಾಗಿಸುವಷ್ಟು ಹತ್ತಿರ ತಂದಳು. "ಹುಳ ತಿಂದದ್ದನ್ನೂ ಬರೆದವಳೆ. ಹೊಲದಲ್ಲಿ ಕೆಲಸ ಮಾಡಿದವಳೇ ಇವಳು. ಮೊಕಾ ಅಜ್ಜಿ ಹೆಸರು ಎಲ್ಲಿದೆ ಹುಡುಕು."

ಮರುದಿನ ಭಾನುವಾರ. ಆ ದಿನ ಹಾಕುಪುವಿನಲ್ಲಿ ಯಾರೂ ಕೆಲಸ ಮುಟ್ಟುವುದಿಲ್ಲ. ಚರ್ಚಿನಿಂದ ಬಂದು ಊಟ ಮುಗಿಸಿ ತಿವಾ ಮಾನಿಟರಿನ ಕಡೆ ನೋಡಿ ಸುಮ್ಮನೆ ಕೂತಳು. ಬರೆಯುವುದು ಕೆಲಸ, ನೋಡುವುದು ಕೆಲಸ ಅಲ್ಲ ಎಂದು ಫಪೋಯಿಯೇ ತೀರ್ಪು ಕೊಟ್ಟಳು. ಇಬ್ಬರೂ ಒಂದೊಂದೇ ಚೌಕ ನೋಡುತ್ತ ಹೋದರು. ನಾಲ್ಕನೆಯ ಸಾಲಿನ ಒಂಬತ್ತನೆಯ ಚೌಕದಲ್ಲಿ, ಎಲೆಯ ನಡುನರದ ಉದ್ದಕ್ಕೆ ಹುಲ್ಲುಕಡ್ಡಿ ಚೆಲ್ಲಿದಂತೆ ಕಂಡದ್ದನ್ನು ತಿವಾ ಹಿಗ್ಗಿಸಿದಳು. ಅಕ್ಷರಗಳು. ಹೊಸದಾಗಿ ಬರೆಯಲು ಕಲಿತವರ ಕೈಯಂತೆ ಒಂದು ಮೇಲೆ, ಒಂದು ಕೆಳಗೆ. ಹಿನಾಲಗಿ ಎಂದಿತ್ತು.

ತಿವಾ ಗಟ್ಟಿಯಾಗಿ ಓದಿದಳು. ಫಪೋಯಿ ಇನ್ನೊಮ್ಮೆ ಓದಿಸಿದಳು. ಆ ಹೆಸರಿನವರು ತಮ್ಮ ಮನೆತನದಲ್ಲಿ ಇಲ್ಲ, ಊರಿನಲ್ಲಿ ಯಾರ ಮನೆತನದಲ್ಲೂ ಕೇಳಿಲ್ಲ ಎಂದಳು. ಉಳಿದ ಚೌಕಗಳನ್ನೂ ನೋಡಿ ಮುಗಿಸಿದರು. ಬೇರೆ ಹೆಸರು ಇರಲಿಲ್ಲ. ಎಂಬತ್ತು ವರ್ಷದಿಂದ ಮನಸ್ಸಿನಲ್ಲಿಟ್ಟುಕೊಂಡಿದ್ದ ಮುದುಕಿ ಅಳುತ್ತಾಳೇನೋ ಎಂದು ತಿವಾ ಅವಳ ಮುಖ ನೋಡಿದಳು. ಫಪೋಯಿ ಅಳಲಿಲ್ಲ. ಚಹಾ ಕೇಳಿದಳು, ಕುಡಿದಳು, ಒಳಗೆ ಹೋಗಿ ಮಲಗಿದಳು.

ಸೋಮವಾರ ತಿವಾ ಸಭೆಗೆ ಏನನ್ನೂ ಹೊತ್ತುಕೊಂಡು ಹೋಗಲಿಲ್ಲ. ಸಂಘದ ಹದಿನೇಳು ಹೆಂಗಸರನ್ನೂ ಮನೆಗೇ ಕರೆದಳು. ಕಿಟಕಿಗೆ ಹೊದಿಕೆ ಎಳೆದು ಮಾನಿಟರ್ ಹಚ್ಚಿದಳು. ಮಲಾಮಾ ಮುಂದೆ ನಿಂತು ಒಂದೊಂದು ಸಾಲನ್ನೂ ಬೆರಳು ತಾಗಿಸದೆ ತೋರಿಸುತ್ತ ನೋಡಿದಳು. ಅವಳ ಕೈಯಲ್ಲಿ ಸುತ್ತಿಟ್ಟಿದ್ದ ಆಕ್ಲೆಂಡಿನ ಅಚ್ಚುಬಟ್ಟೆ ಇತ್ತು. ಅದನ್ನು ಬಿಚ್ಚಲೇ ಇಲ್ಲ.

"ಇಷ್ಟು ಸಣ್ಣ ಗೆರೆ ಎಳೆಯೋಕೆ ನಮ್ಮತ್ರ ಬ್ರಷ್ ಎಲ್ಲಿದೆ, ಟೀಚರ್?" ಎಂದಳು ಕೊನೆಗೆ.

ಹಿಂದಿನಿಂದ ಯಾರೋ ತೆಂಗಿನ ನಾರು ಎಂದರು, ಇನ್ನಾರೋ ಕೇದಗೆ ಜಾತಿಯ ಪಾಂಡಾನಸ್ ಬೇರು ಜಜ್ಜಿದರೆ ಆಗುತ್ತದೆ ಎಂದರು. ಒಪ್ಪಿಗೆ ಎಂಬ ಮಾತು ಯಾರ ಬಾಯಲ್ಲೂ ಬರಲಿಲ್ಲ, ಕೆಲಸ ಹಂಚಿಕೊಳ್ಳುವುದು ಆಗಲೇ ಶುರುವಾಗಿತ್ತು. ಮಲಾಮಾ ಆ ಹೆಸರಿನ ಚೌಕದ ವಿಷಯ ಎತ್ತಿದಳು. ಯಾರೆಂದೇ ಗೊತ್ತಿಲ್ಲದ ಹೆಸರನ್ನು ಬರೆಯುವುದೋ, ಎಲೆಯನ್ನು ಖಾಲಿ ಬಿಡುವುದೋ, ಅಥವಾ ಮೊಕಾಳ ಹೆಸರನ್ನೇ ಹಾಕುವುದೋ. ಎಲ್ಲರೂ ಫಪೋಯಿಯ ಕಡೆ ತಿರುಗಿದರು.

"ಮೊಕಾ ಅಜ್ಜಿ ಹೆಸರಿದೆ ಅಂದಳು, ಹೆಸರಿತ್ತು. ತನ್ನದು ಅನ್ನಲಿಲ್ಲವಲ್ಲ," ಎಂದಳು ಮುದುಕಿ. "ನಾನೇ ಹಾಗೆ ಅಂದುಕೊಂಡಿದ್ದೆ. ಬೆನ್ನು ಬಗ್ಗಿಸಿ ಕೂತು ಬರೆದವಳು ಆ ಹಿನಾಲಗಿ. ಅವಳಿಗೆ ಮನೆತನ ಇಲ್ಲ ಅಂತ ಹೆಸರೂ ಅಳಿಸ್ತೀರಾ? ಹೆಂಗಿದೆಯೋ ಹಂಗೇ ಬರೀರಿ. ಮೇಲೆ ಕೆಳಗೆ ಆಗಿದ್ದನ್ನ ನೆಟ್ಟಗೆ ಮಾಡಬೇಡಿ."

ಮಂಗಳವಾರ ತಪಾಕಿಯ ಕೇಬಲ್ ಬಂತು. ಇಕಿಪಾನದನ್ನು ಹಾಫೆ ಅಂದೇ ತಲುಪಿಸಿದ. ಅವನೇ ಜಗುಲಿಯಲ್ಲಿ ಮಾನಿಟರಿಗೆ ಒಂದು ಹಲಗೆ ಬಡಿದು, ಬಿಸಿಲು ಬೀಳದಂತೆ ಮರೆ ಕಟ್ಟಿಕೊಟ್ಟ. ಬರುವವರಿಗೆಲ್ಲ ಅಡಾಪ್ಟರ್ ಕೊಳ್ಳುವ ಮೊದಲು ಬೆನ್ನ ಮೇಲಿನ ಸಂಖ್ಯೆ ಓದಬೇಕು ಎಂದು ತಾನೇ ಕಂಡುಹಿಡಿದವನ ಹಾಗೆ ಹೇಳುತ್ತಿದ್ದ. ತಿವಾ ತಿದ್ದಲು ಹೋಗಲಿಲ್ಲ.

ಹನ್ನೊಂದು ವಾರ ಹಿಡಿಯಿತು. ಮೊದಲ ಎರಡು ಚೌಕ ಕೆಟ್ಟವು, ಅಷ್ಟು ತುಂಡನ್ನು ಕತ್ತರಿಸಿ ಬೇರೆ ತೊಗಟೆ ಅಂಟಿಸಿದರು. ನಡುವೆ ಒಂದು ವಾರ ಕರೆಂಟು ಕೈಕೊಟ್ಟಿತು. ಬೆಳಿಗ್ಗೆ ಎಂಟಕ್ಕೆ ಬಂದವರು ಮಧ್ಯಾಹ್ನದ ತನಕ ಪರದೆ ನೋಡುತ್ತ, ಬಟ್ಟೆ ನೋಡುತ್ತ ಗೆರೆ ಎಳೆದರು. ಹೆಸರಿನ ಚೌಕವನ್ನು ಮಲಾಮಾ ಬರೆದಳು. ಮೇಲೆ ಕೆಳಗೆ ಆಗಿದ್ದ ಅಕ್ಷರಗಳನ್ನು ಹಾಗೇ ಇಟ್ಟಳು.

ಸಭಾಂಗಣದ ಮುಂಗೋಡೆಗೆ ಹಿಯಾಪೊ ಏರಿಸಿದ ದಿನ ಫಪೋಯಿಯನ್ನು ಮೊದಲ ಸಾಲಿನಲ್ಲಿ ಕೂರಿಸಿದ್ದರು. ಪಾದ್ರಿಗಳ ಪ್ರಾರ್ಥನೆ ಮುಗಿಯುವ ತನಕ ಸುಮ್ಮನಿದ್ದು, ಆಮೇಲೆ ತಿವಾಳ ತೋಳು ಜಗ್ಗಿ, ಕೆಳಗಿನಿಂದ ಎರಡನೆಯ ಸಾಲಿನ ಬಳ್ಳಿ ಸೊಟ್ಟಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ತಿವಾ ನೋಡಿದಳು. ಸೊಟ್ಟಗೇ ಇತ್ತು. ಅದನ್ನು ಎಳೆದವಳು ತಿವಾಳೇ.